ಅಸಿಟೋನಿನಲ್ಲಿ ಮಿಂದ ಪಿಸ್ತೂಲು

"ಮೂಸು," ಅಂದ ಗೂಳಿ.

ಪಿಸ್ತೂಲಿನ ಬಾಯಿ ನನ್ನ ಮೂಗಿಗೆ ತಾಗಿತ್ತು. ಮಂಡಿಯೂರಿ ಕೂತಿದ್ದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿದ್ದರು. ಬೇರೆ ದಾರಿ ಇರಲಿಲ್ಲ.

ಮೂಸಿದೆ.

"ಏನು ವಾಸನೆ?"

"ನಿನ್ನ ಕೈ ಬೆವರಿನದು."

ದವಡೆಗೆ ಒಂದು ಬಿತ್ತು. ಬಾಯಲ್ಲಿ ರಕ್ತ ಬಂತು. ಉಗುಳಿದೆ. ಅವನ ಬೂಟಿನ ಮೇಲೇ ಬಿತ್ತು... ಬೇಕೆಂದೇ ಉಗುಳಿದ್ದೆ, ಸುಳ್ಳು ಯಾಕೆ ಹೇಳಲಿ?

ಲಾರಿ ತೊಳೆಯುವ ಶೆಡ್ಡು ಅದು. ನೆಲವೆಲ್ಲ ಒದ್ದೆ. ಮೂಲೆಯಲ್ಲಿ ಒಂದು ಕಬ್ಬಿಣದ ಕುರ್ಚಿ. ಕುರ್ಚಿಯಲ್ಲಿ ನನ್ನ ತಮ್ಮ. ಅವನ ಬಲಗೈ ಬೆರಳುಗಳು ತಿರುಗಬಾರದ ಕಡೆಗೆ ತಿರುಗಿದ್ದವು.

"ಅಣ್ಣ, ನಾನಲ್ಲ," ಅಂದ ತಮ್ಮ.

"ಗೊತ್ತು. ಸುಮ್ಮನಿರು."

ವಿಷಯ ಇಷ್ಟು. ಆ ಮನೆ, ಆ ಲಾರಿಗಳು, ಊರಾಚೆಯ ಕಲ್ಲುಕ್ವಾರಿ, ಫೈಬರ್ ಗ್ಲಾಸಿನ ನೀರಿನ ಟ್ಯಾಂಕ್ ಮಾಡುವ ಫ್ಯಾಕ್ಟರಿ, ಎಲ್ಲವೂ ಒಬ್ಬ ಹೆಂಗಸಿನದು. ಎಲ್ಲರೂ ಅವಳನ್ನು ಅಮ್ಮ ಎನ್ನುತ್ತಿದ್ದರು. ಹಿಂದಿನ ಸಂಜೆ ಅವಳ ಕಿರಿಯ ಮಗನನ್ನು, ಅಂದರೆ ಚಿಕ್ಕ ಧಣಿಯನ್ನು, ಯಾರೋ ಅವನ ಆಫೀಸ್ ರೂಮಿನಲ್ಲೇ ಗುಂಡಿಟ್ಟು ಕೊಂದಿದ್ದರು.

ನನ್ನ ತಮ್ಮ ಆ ಮನೆಯ ಬಂದೂಕುಗಳನ್ನು ನೋಡಿಕೊಳ್ಳುತ್ತಿದ್ದ. ಬಿಚ್ಚುವುದು, ತೊಳೆಯುವುದು, ಎಣ್ಣೆ ಹಾಕುವುದು, ಬೀರುವಿನಲ್ಲಿ ಇಡುವುದು. ಬೆಳಗ್ಗೆ ಬೀರು ತೆರೆದಾಗ ಎಲ್ಲ ಬಂದೂಕಿನ ಮೇಲೂ ತೆಳುವಾಗಿ ಧೂಳು. ಒಂದು ಪಿಸ್ತೂಲು ಮಾತ್ರ ಆಗಷ್ಟೇ ತೊಳೆದಂತಿತ್ತು. ತೊಳೆದವನೇ ಕೊಂದವನು, ಈ ಮನೆಯಲ್ಲಿ ತೊಳೆಯುವವನು ಒಬ್ಬನೇ. ಇದು ಗೂಳಿಯ ಲೆಕ್ಕ. ಗೂಳಿ ಅಮ್ಮನ ಬಂಟ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಬೀರುವಿನ ಇನ್ನೊಂದು ಕೀಲಿ ಅಮ್ಮನ ಕೋಣೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಅದು ಅವನ ತಲೆಗೆ ಹೋಗಿರಲಿಲ್ಲ.

ನಾನು ಯಾರು ಅಂತೀರಾ? ಕಾರ್ಡಿನಲ್ಲಿ ಕನ್ಸಲ್ಟೆಂಟ್ ಅಂತ ಇದೆ. ಜನರ ಗಂಟು ಬಿಡಿಸಿಕೊಡುತ್ತೇನೆ. ಬಿಡಿಸಲು ಆಗದಿದ್ದರೆ ಕತ್ತರಿಸುತ್ತೇನೆ. ತಮ್ಮನನ್ನು ಕೇಳಿಕೊಂಡು ಬಂದವನನ್ನು ಗೇಟಿನಲ್ಲೇ ಹಿಡಿದು ಕೆಡವಿದ್ದರು.

ಶೆಡ್ಡಿನ ಬಾಗಿಲು ತೆರೆಯಿತು. ಅಮ್ಮ ಬಂದಳು. ಕಣ್ಣಲ್ಲಿ ನೀರಿಲ್ಲ. ಗೂಳಿ ಓಡಿಹೋಗಿ ಕುರ್ಚಿ ತಂದಿಟ್ಟ.

"ಇವನು ನಿನ್ನ ತಮ್ಮನಾ?"

"ಹೌದಮ್ಮ. ಒಡಹುಟ್ಟಿದವನು."

"ಸತ್ತಿರೋ ನನ್ನ ಮಗನಿಗೂ ಒಬ್ಬ ಅಣ್ಣ ಇದಾನೆ. ಬೆಳಗಿಂದ ಅತ್ತೂ ಅತ್ತೂ ಕಣ್ಣು ಊದಿಸ್ಕೊಂಡಿದಾನೆ."

"ಕೇಳಿ ಬೇಜಾರಾಯ್ತು."

"ನಿನ್ನ ಬೇಜಾರು ಇಟ್ಕೊಂಡು ಏನು ಮಾಡ್ಲಿ? ಮಗನನ್ನ ಮಣ್ಣು ಮಾಡೋ ಹೊತ್ತಿಗೆ ಅವನನ್ನ ಕೊಂದೋನು ಸತ್ತಿರ್ಬೇಕು. ನಿನ್ನ ತಮ್ಮನೇ ಆಗ್ಲಿ, ಬೇರೆ ಯಾವನೇ ಆಗ್ಲಿ. ಬೇರೆಯವನು ಇದ್ರೆ ತೋರಿಸು."

"ಆ ಪಿಸ್ತೂಲು ಕೊಡಿಸಿ. ಗುಂಡು ತೆಗೆದೇ ಕೊಡಿಸಿ, ಪರವಾಗಿಲ್ಲ."

ಕಟ್ಟು ಬಿಚ್ಚಿದರು. ಪಿಸ್ತೂಲನ್ನು ಬೆಳಕಿಗೆ ಹಿಡಿದೆ. ನಾನು ಮೊದಲು ಬಂದೂಕು ರಿಪೇರಿ ಮಾಡುವ ಒಂದು ಆರ್ಮರಿಯಲ್ಲಿ ಕೆಲಸಕ್ಕಿದ್ದೆ. ತಮ್ಮನಿಗೆ ಈ ವಿದ್ಯೆ ಕಲಿಸಿದವನೂ ನಾನೇ.

"ನೀನು ಯಾತರಲ್ಲಿ ತೊಳೀತೀಯೋ?" ತಮ್ಮನನ್ನು ಕೇಳಿದೆ.

"ಸೀಮೆಎಣ್ಣೆ... ನೀನೇ ಹೇಳ್ಕೊಟ್ಟಿದ್ದಲ್ವಾ ಅಣ್ಣ."

ನೋಡಿ, ಬಂದೂಕು ತೊಳೆಯುವುದಕ್ಕೆ ನೂರೆಂಟು ದ್ರವ ಇವೆ. ಕಂಪನಿಯ ಬಾಟಲಿ ಸಿಗುತ್ತದೆ, ದುಬಾರಿ. ನಳಿಕೆಯೊಳಗಿನ ತಾಮ್ರದ ಕಿಟ್ಟವನ್ನೂ ಬಿಡಿಸುತ್ತದೆ, ಮೂಸಿದರೆ ಮೂಗು ಕಿತ್ತುಬರುತ್ತದೆ. ಪೆಟ್ರೋಲ್ ಬೇಗ ತೊಳೆಯುತ್ತದೆ, ಬೇಗ ಆರುತ್ತದೆ, ಒಂದು ಕಿಡಿ ಬಿದ್ದರೆ ತೊಳೆಯುವವನನ್ನೂ ಮುಗಿಸುತ್ತದೆ. ಥಿನ್ನರ್ ಮರದ ಹಿಡಿಯ ಪಾಲಿಶ್ ನೆಕ್ಕಿಬಿಡುತ್ತದೆ. ಸೀಮೆಎಣ್ಣೆ ಬಡವರ ಮನೆಯ ಸೊಸೆ ಇದ್ದಂತೆ. ನಿಧಾನ, ಆದರೆ ಜಿಡ್ಡೆಲ್ಲ ತೆಗೆಯುತ್ತದೆ. ಹೋಗುವಾಗ ಕಬ್ಬಿಣದ ಮೇಲೆ ತೆಳ್ಳಗೆ ಒಂದು ಪದರ ಬಿಟ್ಟುಹೋಗುತ್ತದೆ. ಮೇಲೆ ನಾಲ್ಕು ಹನಿ ಎಣ್ಣೆ ಸವರಿದರೆ ತುಕ್ಕು ಹತ್ತಿರ ಸುಳಿಯುವುದಿಲ್ಲ.

ನನ್ನ ಕೈಯಲ್ಲಿದ್ದ ಪಿಸ್ತೂಲಿಗೆ ಆಗಲೇ ತುಕ್ಕು ಹಿಡಿದಿತ್ತು. ಒಂದೇ ರಾತ್ರಿಯ ತೇವಕ್ಕೆ ಕೆಂಪು ಪುಡಿ! ಅಂದರೆ ಕಬ್ಬಿಣದ ಮೇಲೆ ಎಣ್ಣೆಯ ಒಂದು ಹನಿಯೂ ಉಳಿದಿರಲಿಲ್ಲ. ಪ್ಲಾಸ್ಟಿಕ್ ಹಿಡಿಯ ಗೆರೆಗಳು ಕರಗಿ ನುಣ್ಣಗಾಗಿದ್ದವು. ಹಿಡಿ ಇನ್ನೂ ಕೈಗೆ ಅಂಟುತ್ತಿತ್ತು.

"ಅಸಿಟೋನ್," ಅಂದೆ.

"ಹಂಗಂದ್ರೆ?" ಅಮ್ಮ ಕೇಳಿದಳು.

"ಹೆಂಗಸರು ಉಗುರಿನ ಬಣ್ಣ ತೆಗೆಯೋದಕ್ಕೆ ಹಚ್ಕೋತಾರಲ್ಲ, ಅದರ ಜಾತಿ. ಎಣ್ಣೆ, ಬಣ್ಣ, ಪ್ಲಾಸ್ಟಿಕ್, ಸಿಕ್ಕಿದ್ದೆಲ್ಲ ತಿನ್ನುತ್ತೆ. ಬಂದೂಕು ಗೊತ್ತಿರೋನು ಹಿಡಿ ಬಿಚ್ಚದೆ ಅದಕ್ಕೆ ಮುಟ್ಟಿಸಲ್ಲ, ಆಮೇಲೆ ಎಣ್ಣೆ ಹಾಕದೆ ಬಿಡಲ್ಲ. ನನ್ನ ತಮ್ಮ ಸತ್ರೂ ಹೀಗೆ ಮಾಡಲ್ಲ ಅಮ್ಮ."

"ಸತ್ತ ಮೇಲೆ ಮಾಡಲ್ಲ ಬಿಡು," ಅಂದ ಗೂಳಿ. ಅವನೇ ನಕ್ಕ.

ಒಂದು ಮಾತನ್ನು ನಾನು ಹೇಳಲಿಲ್ಲ. ಟ್ರಿಗರಿನ ಕೆಳಗೆ ಗಾಜಿನಂಥ ಒಂದು ತೊಟ್ಟು ಗಟ್ಟಿಯಾಗಿ ಕೂತಿತ್ತು. ಅದರೊಳಗೆ ಕೂದಲೆಳೆಯಂಥ ಬಿಳಿ ನಾರು. ಉಗುರಿನ ಬಣ್ಣದ ಬಾಟಲಿಯಲ್ಲಿ ಅದು ಇರುವುದಿಲ್ಲ. ಫೈಬರ್ ಗ್ಲಾಸ್ ಅಚ್ಚು ಹಾಕುವವರು ಅಂಟು ಮೆತ್ತಿದ ಬ್ರಷ್ ತೊಳೆಯುವ ಬಕೆಟ್ಟಿನಲ್ಲಿ ಇರುತ್ತದೆ.

ಟ್ಯಾಂಕ್ ಫ್ಯಾಕ್ಟರಿ ನಡೆಸುತ್ತಿದ್ದವನು ಹಿರಿಯ ಮಗ. ಬೆಳಗಿಂದ ಅಳುತ್ತಿದ್ದ ದೊಡ್ಡ ಧಣಿ.

"ಸ್ವಲ್ಪ ಹೊತ್ತು ಕೊಡಿ ಅಮ್ಮ. ಆಳು ಸಮೇತ ಬರ್ತೀನಿ."

"ಹೋಗು. ತಮ್ಮ ಇಲ್ಲೇ ಇರ್ತಾನೆ."

"ಬೇಗ ಬಾ," ಅಂದ ಗೂಳಿ. "ಕೂತು ಕೂತು ಬೋರಾದ್ರೆ ನಾನು ಎಡಗೈ ಶುರು ಮಾಡ್ತೀನಿ."

ಗಾಡಿ ಓಡಿಸಿದೆ. ಎಷ್ಟು ಜೋರಾಗಿ ಅಂತ ಕೇಳಬೇಡಿ. ತಮ್ಮನನ್ನು ಆ ಮನೆಯ ಕೆಲಸಕ್ಕೆ ಸೇರಿಸಬೇಡ ಅಂತ ಅವ್ವ ಬಡಕೊಂಡಿದ್ದಳು.

ಸಾವಿನ ಮನೆಯೆಂದು ಫ್ಯಾಕ್ಟರಿಗೆ ರಜೆ ಕೊಟ್ಟಿದ್ದರು. ಮುಂದಿನ ಗೇಟಿಗೆ ಬೀಗ. ಹಿಂದಿನ ಬಾಗಿಲು ಮಾತ್ರ ತೆರೆದಿತ್ತು. ಒಳಗೆ ಸಾಲು ಸಾಲು ಟ್ಯಾಂಕುಗಳು, ಒಂದೊಂದೂ ಆಳೆತ್ತರ. ಚರಂಡಿಯ ಹತ್ತಿರ ದೊಡ್ಡ ಧಣಿ ಬಕೆಟ್ ಬಗ್ಗಿಸುತ್ತಿದ್ದ. ಬಕೆಟ್ಟಿನ ತಳದಲ್ಲಿ ಕಪ್ಪು ಲೋಳೆ ಇತ್ತು, ಪಿಸ್ತೂಲಿನ ಹಿಡಿ ಕರಗಿದ್ದು.

"ಬ್ರಷ್ ತೊಳೀತಿದೀರಾ ಧಣಿ?"

ತಿರುಗಿದವನೇ ಬಕೆಟ್ಟನ್ನು ನನ್ನ ಮೇಲೆ ಎರಚಿದ. ಎದೆ ತಣ್ಣಗಾಯಿತು. ಕಣ್ಣು ಉರಿದುಹೋಯಿತು. ತೆರೆದು ನೋಡುವಷ್ಟರಲ್ಲಿ ಅವನ ಕೈಯಲ್ಲಿ ಲೈಟರ್ ಇತ್ತು.

"ಹತ್ರ ಬಂದ್ರೆ ಹಚ್ಚಿಬಿಡ್ತೀನಿ."

"ಹಚ್ಚಿ. ನಿಮ್ಮ ಕೈ ಯಾತರಿಂದ ಒದ್ದೆ ಆಗಿದೆ ನೋಡ್ಕೊಂಡು ಹಚ್ಚಿ."

ಅವನು ಕೈ ನೋಡಿಕೊಂಡ. ನನಗೆ ಅಷ್ಟೇ ಬೇಕಿತ್ತು. ಅವನ ಮೊಣಕಾಲಿಗೆ ಒಂದು ಒದೆ ಕೊಟ್ಟೆ. ಲೈಟರ್ ಹಾರಿತು. ಕುಂಟುತ್ತಾ ಟ್ಯಾಂಕುಗಳ ಸಂದಿಯಲ್ಲಿ ಓಡಿದ. ನಾನು ಹಿಂದೆ. ಏಣಿ ಹತ್ತಿದ, ಕಾಲು ಹಿಡಿದು ಎಳೆದೆ. ಕೆಳಗೆ ಬಿದ್ದ. ಮುಖಕ್ಕೆ ಹೊಡೆದೆ. ತಮ್ಮನ ಒಂದೊಂದು ಬೆರಳಿಗೆ ಒಂದೊಂದು ಏಟು. ಆಮೇಲೂ ಹೊಡೆದೆ, ಲೆಕ್ಕ ಇಡಲಿಲ್ಲ.

"ಯಾಕೆ ಕೊಂದ್ರಿ?"

"ಅಮ್ಮ ಅವನಿಗೆ ಒಂದು ದಿನಾನೂ ಬೈದಿಲ್ಲ ಕಣೋ..." ಅಳುತ್ತಾ ಹೇಳಿದ. "ನನ್ನ ಒಂದು ದಿನಾನೂ ಹೊಗಳಿಲ್ಲ."

"ಪಿಸ್ತೂಲು ಬಕೆಟ್‌ಗೆ ಯಾಕೆ ಹಾಕಿದ್ರಿ? ಒರೆಸಿ ಇಟ್ಟಿದ್ರೆ ಸಾಕಿತ್ತು."

"ದಿನಾ ಸಂಜೆ ಎಲ್ಲಾನೂ ಅದರಲ್ಲೇ ತಾನೇ ತೊಳೆಯೋದು... ಬ್ರಷ್ಷು, ರೋಲರ್ರು, ಕೈಕಾಲು. ಅದೂ ಹಂಗೇ ಅನ್ಕೊಂಡೆ."

ಪಾಪ. ರೂಢಿ ಬಿಡುವುದಿಲ್ಲ.

ಅವನನ್ನು ಕಾರಿಗೆ ಹಾಕಲು ಹೊರಟವನು ನಿಂತುಬಿಟ್ಟೆ. ಒಬ್ಬ ಮಗ ಆಗಲೇ ಹೆಣ. ಉಳಿದಿರುವವನು ಇವನೊಬ್ಬ. ಇವನನ್ನು ಕರೆದೊಯ್ದು ಮುಂದೆ ನಿಲ್ಲಿಸಿದರೆ ಆ ತಾಯಿ ಏನು ಮಾಡಿಯಾಳು? ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಆ ಹೆಗ್ಗಣ ಒಡಹುಟ್ಟಿದ್ದನ್ನೇ ತಿಂದಿದ್ದರೂ ಮುದ್ದೇ. ಸತ್ಯ ತಿಳಿದ ನನ್ನನ್ನೂ ತಮ್ಮನನ್ನೂ ಒಂದೇ ಗುಂಡಿಯಲ್ಲಿ ಮುಚ್ಚುತ್ತಾಳೆ.

ಕೈಕಾಲು ಕಟ್ಟಿದೆ. ಬಾಯಿಗೆ ಬಟ್ಟೆ ತುರುಕಿದೆ. ಅವನನ್ನು ಫ್ಯಾಕ್ಟರಿಯಲ್ಲಿ ಬಿಡಲಿಲ್ಲ. ಎಲ್ಲಿಗೆ ಒಯ್ದೆ ಅನ್ನುವುದು ನಿಮಗೆ ಬೇಡ. ಅಲ್ಲೂ ಒಂದು ಟ್ಯಾಂಕ್ ಇತ್ತು, ಖಾಲಿ. ಒಳಗಿಳಿಸಿ ಮುಚ್ಚಳಕ್ಕೆ ಬೋಲ್ಟ್ ಹಾಕಿದೆ. ಒಳಗೆ ಗಾಳಿ ಎಷ್ಟು ಹೊತ್ತಿಗಾಗುತ್ತದೆ ಅಂತ ನನಗೂ ಗೊತ್ತಿರಲಿಲ್ಲ.

ಅಮ್ಮ ತನ್ನ ಕೋಣೆಯಲ್ಲಿದ್ದಳು. ಗೂಳಿ ಬಾಗಿಲ ಬಳಿ ನಿಂತಿದ್ದ. ಅಂಗಳದಲ್ಲಿ ಹೆಣ, ಸುತ್ತ ಜನ. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು.

"ಯಾರು?" ಅಂದಳು.

ಹೇಳಿದೆ. ತೊಟ್ಟು, ನಾರು, ಬಕೆಟ್ಟು, ಒಪ್ಪಿಕೊಂಡದ್ದು, ಎಲ್ಲ. ಅವಳು ಮಂಚದ ಮೇಲೆ ಕೂತೇ ಇದ್ದಳು. ಎರಡೂ ಕೈಯಲ್ಲಿ ಮಂಚದ ಅಂಚು ಗಟ್ಟಿಯಾಗಿ ಹಿಡಿದಿದ್ದಳು.

"ಎಲ್ಲಿದಾನೆ?"

"ಒಂದು ಟ್ಯಾಂಕಿನೊಳಗೆ. ಯಾವ ಟ್ಯಾಂಕು, ಎಲ್ಲಿ ಅಂತ ನಂಗೊಬ್ಬನಿಗೇ ಗೊತ್ತು. ಮುಚ್ಚಳ ಹಾಕಿದೆ. ನಮ್ಮ ಮಾತು ಉದ್ದ ಆದಷ್ಟೂ ಒಳಗೆ ದೊಡ್ಡ ಧಣಿಗೆ ಕಷ್ಟ. ನನ್ನ ತಮ್ಮ ಗಾಡೀಲಿ ಕೂತು ಊರು ದಾಟಿದ ಮೇಲೆ ಫೋನ್ ಮಾಡಿ ಹೇಳ್ತೀನಿ."

ಅಮ್ಮ ನನ್ನನ್ನು ನೋಡಿದಳು. ಹೊಗಳುವ ನೋಟವೋ ಶಪಿಸುವ ನೋಟವೋ ತಿಳಿಯಲಿಲ್ಲ.

"ಹೊರಗಡೆ ಅಷ್ಟು ಜನ ಕಾಯ್ತಾ ಇದಾರೆ," ಅಂದಳು. "ಕೊಂದೋನು ಇವನು ಅಂತ ನಾನು ಯಾರನ್ನಾದ್ರೂ ತೋರಿಸ್ಲೇಬೇಕು."

"ಅದು ನಿಮ್ಮ ತಾಪತ್ರಯ."

ಆಗ ಬಾಗಿಲ ಬಳಿ ಗೂಳಿ ಬಿಕ್ಕಿದ. ಗೂಳಿಯೂ ಅಳುತ್ತಾನೆ ಅಂತ ನನಗೆ ಗೊತ್ತಿರಲಿಲ್ಲ. ಗಲ್ಲದ ಮೇಲೆಲ್ಲ ನೀರು.

"ಹೆಗಲ ಮೇಲೆ ಹೊತ್ಕೊಂಡು ಬೆಳೆಸಿದ್ದೆ ಅಮ್ಮ ಚಿಕ್ಕ ಧಣೀನ," ಅಂದ. "ಒಡಹುಟ್ಟಿದೋನೇ ಹಿಂಗೆ ಮಾಡೋದಾ? ನೀವು ಒಂದೇ ಒಂದು ಸಲ ಹೂಂ ಅನ್ನಿ. ದೊಡ್ಡ ಧಣೀನ ನಾನೇ ಹುಡುಕಿ ಮುಗಿಸ್ತೀನಿ. ನೀವು ಬೇಡ ಅಂದ್ರೂ ಬಿಡಲ್ಲ ಅಮ್ಮ. ಸತ್ಯವಾಗ್ಲೂ ಬಿಡಲ್ಲ."

ಅಮ್ಮ ಅವನ ಕಡೆ ತಿರುಗಿದಳು. ನಾನೂ ತಿರುಗಿದೆ.

ಆಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

"ಗೂಳಿ," ಅಂದಳು ಅಮ್ಮ, ಮೆತ್ತಗೆ. "ಮೊದಲು ಆ ಬಾಗಿಲು ಹಾಕಪ್ಪ. ಜನಕ್ಕೆ ಕೇಳಿಸುತ್ತೆ."

ಜೀವಮಾನದಲ್ಲಿ ಅವಳ ಮಾತು ಮೀರಿದವನಲ್ಲ. ಕಣ್ಣೊರೆಸಿಕೊಳ್ಳುತ್ತಾ ಬಾಗಿಲ ಕಡೆ ತಿರುಗಿದ.

ಅಮ್ಮ ದಿಂಬಿನಡಿಯಿಂದ ಒಂದು ರಿವಾಲ್ವರ್ ತೆಗೆದು ಹಾಸಿಗೆಯ ಮೇಲೆ ನನ್ನತ್ತ ಸರಿಸಿದಳು. ಕಣ್ಣಲ್ಲೇ ಗೂಳಿಯ ಬೆನ್ನು ತೋರಿಸಿದಳು. ನನ್ನ ತಮ್ಮನ ಬೆಲೆ ಅದು.

ಕೈಗೆತ್ತಿಕೊಂಡೆ. ತಮ್ಮ ಸೀಮೆಎಣ್ಣೆಯಲ್ಲಿ ತೊಳೆದು, ಹದವಾಗಿ ಎಣ್ಣೆ ಸವರಿ ಇಟ್ಟದ್ದು. ಟ್ರಿಗರ್ ಬೆಣ್ಣೆಯಂತೆ ಬಂತು. ಎಲ್ಲೂ ಒಂದು ಚೂರೂ ಹಿಡಿಯಲಿಲ್ಲ.

ಗೂಳಿ ಚಿಲಕ ಹಿಡಿದುಕೊಂಡೇ ಕುಸಿದ. ತಿರುಗಿ ಅಮ್ಮನನ್ನು ನೋಡಲು ಕತ್ತು ಎತ್ತಿದ. ಆಗಲಿಲ್ಲ.

ಅಮ್ಮ ಎದ್ದಳು. ಅವನನ್ನು ದಾಟಿ ಹೋಗಿ ಬಾಗಿಲು ತೆರೆದು ಅಂಗಳಕ್ಕೆ ಕೂಗಿದಳು: "ಸಿಕ್ಕಿದ ಕಣ್ರೋ ನನ್ನ ಮಗನನ್ನ ತಿಂದೋನು! ಉಂಡ ಮನೆಗೇ ಎರಡು ಬಗೆದ!" ಆಮೇಲೆ ಎದೆ ಬಡಿದುಕೊಂಡು ಅತ್ತಳು. ಆ ಅಳು ನಿಜವಾದದ್ದು. ಮಗನಿಗೋ, ಗೂಳಿಗೋ... ಅದನ್ನು ನಾನು ಹೇಳಲಾರೆ.

ಜನ ಗೂಳಿಯ ಹೆಣಕ್ಕೆ ಒದೆಯುತ್ತಿದ್ದಾಗ ನಾನು ತಮ್ಮನನ್ನು ಎತ್ತಿಕೊಂಡು ಕಾರಿಗೆ ಹಾಕಿದೆ. ಎಡಗೈಯಲ್ಲಿ ಕಿರುಬೆರಳು ಮಾತ್ರ ಹೋಗಿತ್ತು.

ಊರು ದಾಟಿದ ಮೇಲೆ ಗಾಡಿ ನಿಲ್ಲಿಸಿ ಫೋನ್ ಮಾಡಿದೆ. ಜಾಗ ಹೇಳಿದೆ. ದೊಡ್ಡ ಧಣಿ ಬದುಕಿದ. ಈಗಲೂ ಟ್ಯಾಂಕ್ ಮಾಡುತ್ತಾನೆ, ಅಮ್ಮ ಈಗಲೂ ಅವನನ್ನು ಹೊಗಳುವುದಿಲ್ಲ.

ತಮ್ಮ ಮುರಿದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡ. ಆಮೇಲೆ ಕೇಳಿದ.

"ಅಣ್ಣ, ಚಿಕ್ಕ ಧಣಿ ಅಂದ್ರೆ ಗೂಳಿ ಪ್ರಾಣ ಬಿಡ್ತಿದ್ದ. ಅವನು ಕೊಂದಿರಲ್ಲ. ನಿಜ ಹೇಳು, ಗೂಳಿ ಮಾಡಿದ್ದಾದ್ರೂ ಏನು?"

"ಕೇಳಿಸ್ಕೊಂಡ."

ತಮ್ಮ ನನ್ನ ಮುಖ ನೋಡಿದ. ಕಿಟಕಿ ಕಡೆ ತಿರುಗಿದ. ಇವತ್ತಿನವರೆಗೂ ಆ ವಿಷಯ ಎತ್ತಿಲ್ಲ. ಜಾಣ.

ನೀವೇ ಬಿಡಿಸಿ ಬಿಡಿಸಿ ಕೇಳಿದಿರಿ... ಈಗ ನೀವೂ ಕೇಳಿಸಿಕೊಂಡವರ ಪೈಕಿ.