ಮೊಟ್ಟೆ ಹಾಕಿರಲಿಲ್ಲ

"ಬಾಗಿಲು ತೆಗೀರಿ! ಒಳಗೆ ಬದುಕಿದ್ದೀರಾ, ಸತ್ತಿದ್ದೀರಾ?"

ಜೋವಿಟಾ ಬಾಗಿಲು ತಟ್ಟುತ್ತಿರಲಿಲ್ಲ, ಗುದ್ದುತ್ತಿದ್ದಳು. ರಾತ್ರಿಯಿಡೀ ವಾರ್ಡಿನಲ್ಲಿ ನಿಂತು ಬಂದ ನರ್ಸು ಅವಳು. ಸಿಡ್ನಿಯ ವೆಸ್ಟ್‌ಮೀಡಿನ ತನ್ನ ಫ್ಲ್ಯಾಟಿಗೆ ಬಂದು ಇನ್ನೇನು ಕಣ್ಣು ಮುಚ್ಚಬೇಕು, ಎದುರು ಮನೆಯ ಸ್ಮೋಕ್ ಅಲಾರಂ ಕಿರುಚತೊಡಗಿತ್ತು.

ಮೊದಲು ಇಂಗ್ಲಿಷಿನಲ್ಲೇ ಬೈದಿದ್ದಳು. ಒಳಗಿನಿಂದ "ಅಯ್ಯ ಶಿವನ!" ಎಂಬ ಗಂಡುದನಿ ಕೇಳಿದ್ದೇ ತಡ, ಕನ್ನಡಕ್ಕೆ ಇಳಿದಳು. ಬೈಯಲು ಅದೇ ಸಲೀಸು.

ಬಾಗಿಲು ತೆರೆಯಿತು. ಮೊದಲು ಹೊಗೆ ಬಂತು. ಹೊಗೆಯ ಹಿಂದೆ, ತಲೆಗೂದಲಿಗೆಲ್ಲ ಮೈದಾ ಮೆತ್ತಿಕೊಂಡ ಒಬ್ಬ ಉದ್ದನೆಯ ಗಂಡಸು.

"ಏನಿಲ್ರಿ... ಪ್ಯಾನ್‌ಕೇಕ್ ಮಾಡಾಕತ್ತಿದ್ದೆ."

"ಪ್ಯಾನ್‌ಕೇಕಾ? ಹೆಣ ಸುಡ್ತಾ ಇದ್ದೀರಿ ಅಂತ ಎಣಿಸಿದೆ ನಾನು!"

ಕರೆಯದೆಯೇ ಒಳಗೆ ನುಗ್ಗಿದಳು. ಕುರ್ಚಿ ಎಳೆದು, ಮೇಲೆ ಹತ್ತಿ, ಅಲಾರಂ ಬಾಯಿ ಮುಚ್ಚಿಸಿದಳು. ಸದ್ದು ನಿಂತಿತು. ಕೆಳಗೆ ಅವನು, ಕುರ್ಚಿ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು, ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ.

ಎದೆ ಯಾಕೆ ಹೀಗೆ ಹೊಡ್ಕೊಳ್ತಾ ಉಂಟು? ಕೋಪಕ್ಕೆ... ಕೋಪಕ್ಕೇ ಇರಬೇಕು!

"ಉರಿ ಇಷ್ಟು ದೊಡ್ಡದಿಟ್ಟರೆ ಕರಟದೆ ಇನ್ನೆಂತ ಆಗ್ತದೆ ಮಾರಾಯ್ರೆ? ಆಚೆ ಸರೀರಿ. ಮೊಟ್ಟೆ ಎಲ್ಲುಂಟು?"

"ತತ್ತೀನಾ? ನಾವು ಧಾರವಾಡದ ಜಂಗಮರು ರೀ. ತತ್ತಿ ಮನಿಯೊಳಗ ತರಂಗಿಲ್ಲ."

"ಹಾಗಾದ್ರೆ ನನ್ನ ಮನೆಗೆ ಬನ್ನಿ. ನಾನು ಪ್ಯಾನ್‌ಕೇಕ್ ತಿನ್ತೇನೆ. ನೀವು ಬರೀ ಹಣ್ಣು ತಿನ್ನಿ."

ಮೈದಾ ತಲೆಯ ವೀರೇಂದ್ರ ಹೋದ. ಆದರೆ ಬರೀ ಹಣ್ಣು ತಿನ್ನಲಿಲ್ಲ.

*

ಆಮೇಲಿನ ಶನಿವಾರಗಳೆಲ್ಲ ಹಾಗೇ ಶುರುವಾದವು. ನೈಟ್ ಡ್ಯೂಟಿ ಮುಗಿಸಿ ಬಂದ ಜೋವಿಟಾ ಮೊಟ್ಟೆಯ ಬಿಳಿ ಭಾಗವನ್ನು ಬೇರೆ ಮಾಡಿ, ನೊರೆ ಗಟ್ಟಿಯಾಗಿ ನಿಲ್ಲುವ ತನಕ ಕಡೆಯುವಳು. ಅದನ್ನು ಹಿಟ್ಟಿಗೆ ಒತ್ತದೆ, ಹಗುರವಾಗಿ ಮಗುಚುತ್ತಾ ಬೆರೆಸುವಳು. ನಾರ್ತ್ ಸಿಡ್ನಿಯ ಆಫೀಸಿನಲ್ಲಿ ದೊಡ್ಡ ದೊಡ್ಡ ಮೀಟಿಂಗ್ ನಡೆಸುವ ವೀರೇಂದ್ರ ಅಲ್ಲಿ ಕೂತು ಹಣ್ಣು ಹೆಚ್ಚುವನು. ಮಾವು, ಸ್ಟ್ರಾಬೆರಿ, ಬಾಳೆ. ಅಷ್ಟೇ ಅವನ ಪಾಲಿನ ಕೆಲಸ.

ಮೊದಲ ವಾರ ಕಣ್ಣು ಮುಚ್ಚಿ ತಿಂದ. ಮರುವಾರ ಕಣ್ಣು ಬಿಟ್ಟೇ ತಿಂದ. ಬರಬರುತ್ತಾ ಅವನ ಫ್ರಿಜ್ಜಿನಲ್ಲೇ ಮೊಟ್ಟೆ ಬಂದು ಕೂತಿತು. ಆಮ್ಲೆಟ್ ಕಲಿತ. ಮಠದಂಥ ಮನೆಯಲ್ಲಿ ಹುಟ್ಟಿದವನು ಆಮ್ಲೆಟ್ ತಿಂದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ತಿಂದದ್ದನ್ನು ತಿಂದೆ ಅನ್ನುವ ಬಾಯಿ ಇರಬೇಕು, ಅಷ್ಟೇ.

ಒಂದು ಶನಿವಾರ ಅವಳ ಮುಂಗೈ ಮೇಲೆ ಹರಿದ ಮಾವಿನ ರಸವನ್ನು ಬೆರಳಲ್ಲಿ ಒರೆಸುತ್ತಾ ಅವನು ಹೇಳಿದ.

"ಅವ್ವ ಬರಾಕತ್ತಾಳ. ನಿನ್ನ ಕೈಯಾಂದು ನಾಷ್ಟಾ ಮಾಡಿಸಿ, ಆಮ್ಯಾಲ ನಮ್ಮ ಮದುವಿ ಮಾತು ತಗೀತೀನಿ."

"ಚರ್ಚಿಗೆ ಹೋಗುವ ಸೊಸೆ ಆಗುವುದಿಲ್ಲ ಅಂದ್ರೆ?"

"ನೀ ಮಾಡಿದ್ದು ತಿಂದ ಮ್ಯಾಲ ಹೆಂಗ ಅಂತಾಳ?"

ಹುಚ್ಚಿ! ಅವಳು ನಂಬಿದಳು.

ಮೊಟ್ಟೆ ಹಾಕದೆ ಅದೇ ಮೆದುತನ ಬರಬೇಕು. ಹುಳಿ ಮಜ್ಜಿಗೆ, ಸೋಡಾ, ಕಿವುಚಿದ ಬಾಳೆಹಣ್ಣು... ವಾರಗಟ್ಟಲೆ ಒದ್ದೆ ಬಟ್ಟೆಯಂತೆ ಚಪ್ಪಟೆ ಬಿದ್ದವು. ಅಳು ಬಂತು, ಬಿಡಲಿಲ್ಲ. ಕೊನೆಗೊಂದು ದಿನ, ಸಣ್ಣ ಉರಿಯಲ್ಲಿ, ಮುಚ್ಚಳದಡಿ, ಎದ್ದಿತು ನೋಡಿ! ಬೆರಳಿಟ್ಟರೆ ಹತ್ತಿ!

ಹೊಸ ತವಾ ಕೊಂಡಳು. ಹೊಸ ಪಾತ್ರೆ, ಹೊಸ ಸೌಟು. ಮೊಟ್ಟೆಯ ಗಾಳಿಯೂ ಸೋಕಬಾರದು ಅಂತ.

"ನಿಮ್ಮ ಫ್ರಿಜ್ಜಿನ ಮೊಟ್ಟೆ ಬಿಸಾಡಿ ಆಯ್ತಾ?"

"ಆತು, ಆತು."

ಆಗಿರಲಿಲ್ಲ. ಪಾಲಕ್ ಕಟ್ಟಿನ ಕೆಳಗೆ ಮುಚ್ಚಿಟ್ಟಿದ್ದ. ಅವ್ವ ಮಲಗಿದ ಮೇಲೆ ಬೇಕಾದೀತು ಅಂತ!

*

ಮಗನ ಫ್ಲ್ಯಾಟಿನಲ್ಲಿ ವೀರೇಂದ್ರನ ಅವ್ವ ಗಿರಿಜವ್ವ ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿ ಬಂದು ಕೂತರು. ಜೊತೆಗೆ ಆರತಿ, ವೀರೇಂದ್ರನ ದೊಡ್ಡಪ್ಪನ ಸೊಸೆ. ಅವಳೂ ಸಿಡ್ನಿಯವಳೇ, ಅತ್ತೆಯನ್ನು ಮಾತಾಡಿಸಲು ಬಂದಿದ್ದಳು.

ಜೋವಿಟಾ ಬಿಸಿ ಬಿಸಿ ಬಡಿಸಿದಳು. ಮೇಲೆ ಮಾವಿನ ಹೋಳು, ಜೇನು.

ಗಿರಿಜವ್ವ ಒಂದು ತುತ್ತು ಬಾಯಿಗಿಟ್ಟರು. "ಏನ್ ಹಗುರ ಆಗೇತಿ ಯವ್ವಾ! ನಾಲಿಗಿ ಮ್ಯಾಲ ಇಡೂದರಾಗ ಇಲ್ಲ!"

ಜೋವಿಟಾ ವೀರೇಂದ್ರನತ್ತ ನೋಡಿದಳು. ಈಗ ಹೇಳಿ... ಈಗಲೇ ಹೇಳಿ!

ಮಾತಾಡಿದ್ದು ಆರತಿ. "ತತ್ತಿ ಇಲ್ದ ಇಷ್ಟು ಹೆಂಗ ಏಳ್ತೈತಿ? ಟಿವಿಯೊಳಗ ನೋಡೀನಲ್ಲ, ತತ್ತಿ ಬಿಳೀದು ಬಡಿದ ಹಾಕ್ತಾರ."

ಗಿರಿಜವ್ವನ ಕೈ ನಿಂತಿತು.

"ಇಲ್ಲ ಅಮ್ಮಾ, ಹಾಕಲಿಲ್ಲ! ಮಜ್ಜಿಗೆ, ಸೋಡಾ, ಬಾಳೆಹಣ್ಣು..."

ಆರತಿ ಕೆಟ್ಟವಳಲ್ಲ, ಸುಮ್ಮನಿರಲಾರದವಳು. ಚಹಾಕ್ಕೆ ಹಾಲು ತರಲೆಂದು ಫ್ರಿಜ್ ತೆಗೆದವಳು ಪಾಲಕ್ ಸರಿಸಿದಳು. "ಮತ್ತ... ಇವು ಯಾರವು?"

ಅವಳ ಕೈಯಲ್ಲಿ ಮೊಟ್ಟೆಯ ಡಬ್ಬಿ.

ಜೋವಿಟಾ ವೀರೇಂದ್ರನನ್ನೇ ನೋಡಿದಳು. ಒಂದು ಮಾತು. ನನ್ನವು ಅಂತ ಒಂದೇ ಮಾತು...

ವೀರೇಂದ್ರ ನೆಲ ನೋಡಿದ.

"ಅವರವು ಇರಬೇಕವ್ವಾ," ಅಂದ.

ಅವರವು! ಅವಳ ಜೊತೆ ಕೂತು ಉಂಡ ಬಾಯಿ, ಅವಳ ಹಣೆಗೆ ಮುತ್ತಿಟ್ಟ ಬಾಯಿ ಆಡಿದ ಮಾತು ಅದು. ಎಷ್ಟು ಚೆನ್ನಾಗಿ ಮಾಡಿದ್ದಳೋ ಅಷ್ಟೂ ಅವಳ ವಿರುದ್ಧವೇ ಸಾಕ್ಷಿಯಾಗಿ ನಿಂತಿತು.

ಗಿರಿಜವ್ವ ಎದ್ದು ಹೋಗಿ ಬಾಯಿ ಮುಕ್ಕಳಿಸಿದರು. "ನನ್ನ ಕೊರಳಾಗ ಲಿಂಗ ಇದ್ದದ್ದು ಕಂಡೂ ತಿನಿಸಿದೆಲ್ಲವಾ. ನಾ ಏನ್ ಮಾಡಿದ್ದೆ ನಿನಗ?"

ಜೋವಿಟಾ ಒಲೆ ಆರಿಸಿದಳು. ಕೈ ಒರೆಸಿಕೊಂಡಳು. ತವಾವನ್ನು ಅಲ್ಲೇ ಬಿಟ್ಟು ಹೊರಟಳು. ಕಣ್ಣೀರು ತನ್ನ ಮನೆಯ ಬಾಗಿಲು ಹಾಕಿಕೊಂಡ ಮೇಲೆ ಬಂತು. ಅವನ ಮುಂದೆ ಒಂದು ಹನಿಯನ್ನೂ ಕೆಡವಲಿಲ್ಲ.

*

ಜೋವಿಟಾ ಸಿಡ್ನಿ ಬಿಟ್ಟಳು. ಮೆಲ್ಬರ್ನಿನ ಕ್ರೇಗಿಬರ್ನಿನಲ್ಲಿ ಅವಳ ಅಕ್ಕ ಇನೇಜಳ ಮನೆ. ಅಲ್ಲೊಂದು ಕೋಣೆ, ಹೊಸ ಆಸ್ಪತ್ರೆ, ಅದೇ ನೈಟ್ ಡ್ಯೂಟಿ. ಅವನ ಫೋನ್ ಬಂದರೆ ಕಟ್ ಮಾಡುತ್ತಿದ್ದಳು. ವರ್ಷ ಕಳೆಯಿತು. ಶನಿವಾರ ಬೆಳಿಗ್ಗೆ ಬ್ರೆಡ್ಡು ತಿಂದು ಮಲಗುವುದು ರೂಢಿಯಾಯಿತು.

ಅಂಥದೇ ಒಂದು ಶನಿವಾರ ಇನೇಜ್ ಕೂಗಿದಳು.

"ಜೋವೀ! ಬಂದಿದ್ದಾನೆ ನೋಡು ನಿನ್ನ ಜಂಗಮ. ಒಳಗೆ ಬಿಡ್ಲಾ, ಮೇಲೆ ನೀರು ಎರೀಲಾ?"

ಅಡುಗೆಮನೆಯ ಹಿಂಬಾಗಿಲ ಹೊಸ್ತಿಲಲ್ಲಿ ವೀರೇಂದ್ರ. ಇಳಿದುಹೋಗಿದ್ದ. ಕೈಯಲ್ಲೊಂದು ಚೀಲ, ಚೀಲದಲ್ಲಿ ಆ ತವಾ.

"ತವಾ ಕೊಡ್ಲಿಕ್ಕೆ ಬಂದದ್ದಾ? ಕೊಟ್ಟಾಯ್ತಲ್ಲ. ಹೋಗಿ."

"ಜೋವಿ, ಒಂದ್ಸಲ ಕೇಳು. ಆರತಿ ವೈನಿ ನೀ ಹೇಳಿದಂಗ ಮಾಡಿ ನೋಡಿದ್ರು. ಮಜ್ಜಿಗಿ, ಸೋಡಾ, ಬಾಳೀಹಣ್ಣು. ಎದ್ದಿತು. ನನಗ ಫೋನ್ ಮಾಡಿ ಉಗುಳಿದ್ರು. 'ಆ ಹುಡುಗಿ ಸುಳ್ಳು ಹೇಳಿಲ್ಲೋ ವೀರೂ. ಹಂಗಾದ್ರ ಆ ತತ್ತಿ ಯಾರವು? ನೀ ಹೇಳ್ತಿಯೋ, ನಾನಽ ಹೇಳ್ಲೋ' ಅಂದ್ರು."

ಜೋವಿಟಾ ನಕ್ಕಳು. ಆ ನಗು ಕಂಡು ಇನೇಜ್ ಮೆಲ್ಲಗೆ ಅಡುಗೆಮನೆ ಬಿಟ್ಟು ಹೋದಳು.

"ಅಂದ್ರೆ ಸಿಕ್ಕಿಬಿದ್ದಿರಿ. ಅದಕ್ಕೆ ಬಂದಿರಿ."

ಏನಾದರೂ ನೆಪ ಹೇಳುತ್ತಾನೆ ಅಂದುಕೊಂಡಿದ್ದಳು. ಹೇಳಲಿಲ್ಲ.

"ಹೌದು," ಅಂದ. "ಅದಕ್ಕಽ ಬಂದೆ. ದಿನಾ ಬರಬೇಕು ಅಂತಿದ್ದೆ. ಅಂಜಿಕಿ. ಹೇಡಿ ನಾನು."

ಅವನ ಬಾಯಿಂದ ಅವಳು ಕೇಳಿದ ಮೊದಲ ಒಪ್ಪುವಂಥ ಮಾತು ಅದು. ಎದೆಯಲ್ಲಿ ಏನೋ ಒಂದು ಎಳೆ ಸಡಿಲಿತು... ಆದರೆ ತೋರಿಸಿಕೊಳ್ಳಲಿಲ್ಲ.

ಅವನು ಒಳಗೆ ಬಂದು, ಚೀಲದಿಂದ ಮೈದಾ, ಸೋಡಾ, ಬಾಳೆಹಣ್ಣು, ಮಜ್ಜಿಗೆ ತೆಗೆದ. ಯಾರೂ ಹೇಳದೆಯೇ ಹಿಟ್ಟು ಕಲಸಿದ. ಒಲೆ ಹಚ್ಚಿ, ತವಾ ಇಟ್ಟು, ಒಂದು ಸೌಟು ಸುರಿದ.

"ನೋಡು, ಏಳ್ತೈತಿ. ನನಗ ಮಾಡಾಕ ಬರ್ತೈತಿ."

"ಮೊಟ್ಟೆ ಇಲ್ಲದೆ ಏಳ್ತದೆ ಅಂತ ನನಗೆ ತೋರಿಸ್ಬೇಡಿ!" ಜೋವಿಟಾ ಸಿಡಿದಳು. "ನನಗೆ ಗೊತ್ತುಂಟು! ಗೊತ್ತಿಲ್ಲದವರಿಗೆ ಹೇಳಿ. ಅಲ್ಲುಂಟು ಫೋನು. ಸ್ಪೀಕರ್ ಹಾಕಿ. ಇಲ್ಲದಿದ್ರೆ ಬಾಗಿಲು ಅಲ್ಲುಂಟು."

ಧಾರವಾಡದಲ್ಲಿ ಇನ್ನೂ ನಸುಕು. ಗಿರಿಜವ್ವ ಪೂಜೆಗೆ ಎದ್ದಿರುವ ಹೊತ್ತು. ಕಾಲಿಂಗ್ ಕಾರ್ಡಿನ ನಂಬರ್ ಒತ್ತುವಾಗ ಅವನ ಬೆರಳು ಎರಡು ಸಲ ತಪ್ಪಿತು. ಹೇಳದೆ ಫೋನ್ ಇಟ್ಟುಬಿಟ್ಟರೆ? ಇಟ್ಟುಬಿಟ್ಟರೆ ಅಲ್ಲಿಗೆ ಎಲ್ಲ ಮುಗಿಯಿತು.

"ಯವ್ವಾ... ಅವತ್ತು ಫ್ರಿಜ್ಜಿನಾಗಿನ ತತ್ತಿ ನನ್ನವು. ನಾ ತಿಂತೀನಿ. ಜೋವಿಟಾ ನಿನಗ ತತ್ತಿ ತಿನಿಸಿರಲಿಲ್ಲ. ನಾ ಸುಳ್ಳು ಹೇಳಿದೆ."

ಅತ್ತ ಪೂಜೆಯ ಗಂಟೆ ಕೆಳಗಿಟ್ಟ ಸದ್ದಾಯಿತು.

"ಗೊತ್ತಿತ್ತು," ಅಂದರು ಗಿರಿಜವ್ವ.

"ಯವ್ವಾ?"

"ನಿನ್ನ ಹಡದೀನಿ. ನೀ ಸುಳ್ಳು ಹೇಳೂ ಮುಂದ ನೆಲಾ ನೋಡ್ತಿ, ಸಣ್ಣಾಂವಿದ್ದಾಗಿಂದ. ಆಕಿ ನನ್ನ ಮಾರಿ ನೋಡಿ ಇಲ್ಲ ಅಂದಿದ್ಲು. ನಿಮ್ಮಿಬ್ಬರ ನಡುವಿನ ಮಾತೂ ತಿಳಿದಿತ್ತು. ಆದ್ರ ಆಕಿ ಹೇಳಿದ್ದು ಖರೇ ಅಂದಿದ್ರ ಆಕಿನ್ನ ಸೊಸಿ ಮಾಡ್ಕೋಬೇಕಾಕ್ಕಿತ್ತು. ಸುಮ್ಮನಾದೆ. ಪಾಪ ನಂದೂ ಐತಿ." ದನಿ ಒಡೆಯಿತು. "ಆಕಿ ಅಲ್ಲೇ ಅದಾಳೇನು?"

"ಇದ್ದೇನೆ," ಅಂದಳು ಜೋವಿಟಾ. ಗೊತ್ತಿತ್ತು! ಗೊತ್ತಿದ್ದೂ ನನ್ನನ್ನು ಕಳ್ಳಿಯ ಹಾಗೆ ಕಳಿಸಿದಿರಲ್ಲ...

"ಬೈಯವಾ. ಬೈಸ್ಕೊಳ್ತೀನಿ."

ಬೈಗುಳ ನಾಲಿಗೆಯ ತುದಿಯಲ್ಲಿತ್ತು. ಕ್ಷಮಿಸಿದ್ದೇನೆ ಅನ್ನುವ ಮಾತು ಮಾತ್ರ ಎಲ್ಲೂ ಇರಲಿಲ್ಲ. ಇಲ್ಲದ್ದನ್ನು ಇದೆ ಅನ್ನುವ ಅಭ್ಯಾಸ ಅವಳಿಗಿಲ್ಲ.

"ಈಗ ಬೈಯುವುದಿಲ್ಲ ಅಮ್ಮ. ಮುಂದಿನ ಸಲ ಬಂದಾಗ ಒಲೆ ಹತ್ತಿರ ನಿಂತು, ನಾನೆಂತ ಹಾಕ್ತೇನೆ ಅಂತ ನೋಡಿ ತಿನ್ನಿ. ಮುಖಕ್ಕೆ ಮುಖ ಕೊಟ್ಟು ಆಗ ಬೈತೇನೆ."

"ಬರ್ತೀನಿ," ಅಂದರು ಗಿರಿಜವ್ವ. "ಬೈಸ್ಕೊಳ್ಳಾಕರ ಬರ್ತೀನಿ."

ಫೋನ್ ಇಟ್ಟರೋ ಇಲ್ಲವೋ, ತಲೆಯ ಮೇಲೆ ಸ್ಮೋಕ್ ಅಲಾರಂ ಕಿರುಚಿತು! ತವಾದ ಮೇಲಿನದು ಕಪ್ಪಾಗಿ ಹೊಗೆಯುಗುಳುತ್ತಿತ್ತು.

ವೀರೇಂದ್ರ ಗಡಬಡಿಸಿ ಕುರ್ಚಿ ಎಳೆದು ಹತ್ತಿದ. ಕುರ್ಚಿ ಅಲುಗಿತು. ಜೋವಿಟಾ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಯಾಕೆ ಹಿಡಿದೆನೆಂದು ಅವಳಿಗೇ ತಿಳಿಯಲಿಲ್ಲ.

ಸದ್ದು ನಿಂತ ಮೇಲೆ, ಕರಟಿದ್ದನ್ನು ತಟ್ಟೆಗೆ ಹಾಕಿ ಅವನ ಮುಂದಿಟ್ಟಳು.

"ತಿನ್ನಿ."

ಅವನು ಮುರಿದು ಬಾಯಿಗಿಟ್ಟ. ಮುಖ ಕಿವುಚಿದ.

"ಕಹಿ ಐತಿ."

"ಗೊತ್ತುಂಟು. ಪೂರ್ತಿ ತಿನ್ನಿ."

ಅವನು ಪೂರ್ತಿ ತಿಂದ. ಕೊನೆಯ ಚೂರಿನ ಹೊತ್ತಿಗೆ ಅವಳು ಒಂದು ಬಾಳೆಹಣ್ಣು ಸುಲಿದು, ಅರ್ಧ ಮುರಿದು ಅವನ ತಟ್ಟೆಯಂಚಿಗೆ ಇಟ್ಟಳು. ಉಳಿದರ್ಧ ತಾನು ತಿಂದಳು.

"ಜೋವಿ... ಮುಂದಿನ ಶನಿವಾರ ಬರ್ಲೇನು?"

ಜೋವಿಟಾ ತವಾ ಎತ್ತಿ ತೊಳೆಯತೊಡಗಿದಳು. ಕರಿ ಬೇಗ ಬಿಡುವಂತಿರಲಿಲ್ಲ.

"ಬಂದು ನೀವೇ ಮಾಡಿ. ನನಗೆ ನೈಟ್ ಡ್ಯೂಟಿ ಉಂಟು, ನಾನು ಮಲಗಿರ್ತೇನೆ."

"ಎಬ್ಬಸ್ಲೇನು?"

"ಅಲಾರಂ ಹೊಡೆಸದೆ ಎಬ್ಬಿಸಿ... ಆಯ್ತಾ?"

"ಆತು," ಅಂದ ವೀರೇಂದ್ರ. ಈ ಸಲ ಅವನು ನೆಲ ನೋಡಲಿಲ್ಲ.