ಕಾಲುಂಗುರದ ಟರ್ಕಿ ಕೋಳಿ

ವಾಸನೆಗೆ ಮೆಟ್ಟಿಲಿಳಿಯಲು ಯಾರ ಅಪ್ಪಣೆಯೂ ಬೇಡ, ಮಾಂಸಕ್ಕೆ ಬೇಕು. ಪ್ರತಿ ಕ್ರಿಸ್ಮಸ್ಸಿನ ಮಧ್ಯಾಹ್ನ ಆ ಲಾಂಡ್ರಿ ಕಾರ್ಖಾನೆಯಲ್ಲಿ ನಡೆಯುತ್ತಿದ್ದುದು ಇದೇ. ಮಹಡಿಯ ಮೇಲೆ ಯಜಮಾನರು ತಮ್ಮ ಅತಿಥಿಗಳ ಜೊತೆ, ಬಯಲಲ್ಲಿ ಓಡಾಡಿ ಕಾಳು ತಿಂದು ಬೆಳೆದ ಟರ್ಕಿ ಕೋಳಿ ತಿನ್ನುತ್ತಿದ್ದರು. ಕೆಳಗೆ, ಆಸ್ಪತ್ರೆ ಹೋಟೆಲುಗಳ ಬೆಡ್‌ಶೀಟು ಒಗೆದು ಇಸ್ತ್ರಿ ಮಾಡುವ ಹೆಂಗಸರು, ತೂಕ ಬರಲೆಂದು ಉಪ್ಪುನೀರು ಚುಚ್ಚಿದ ಅಗ್ಗದ ಟರ್ಕಿಯನ್ನು ಅಗಿಯುತ್ತಿದ್ದರು. ಊಟಕ್ಕೆ ಮೊದಲು ಯಜಮಾನರ ಭಾಷಣವೂ ಇರುತ್ತಿತ್ತು: "ನಾವೆಲ್ಲ ಒಂದೇ ಕುಟುಂಬ. ಮೇಲೂ ಟರ್ಕಿ, ಕೆಳಗೂ ಟರ್ಕಿ."

ಕ್ಯಾಂಟೀನಿನ ಅಡುಗೆಯವಳು ಇದನ್ನು ವರ್ಷವರ್ಷವೂ ಸೌಟು ಹಿಡಿದು ನಿಂತು ಕೇಳಿದ್ದಳು. ಎಲ್ಲರ ಬಾಯಲ್ಲಿ ಅವಳು ಸೌಟಕ್ಕ. ಅವಳನ್ನು ಅಪರಾಧಕ್ಕೆ ತಳ್ಳಿದ್ದು ಮಾತ್ರ ಭಾಷಣವಲ್ಲ, ಅವಳ ಚಿಕ್ಕಮ್ಮ. ಇಸ್ತ್ರಿ ಯಂತ್ರದ ಹಬೆಯಲ್ಲೇ ಮುದುಕಿಯಾದ ಚಿಕ್ಕಮ್ಮನಿಗೆ, ಹೊಸ ವರ್ಷದಿಂದ ಬರುವುದು ಬೇಡ ಎಂದು ಹೇಳಿಯಾಗಿತ್ತು.

"ಇಷ್ಟು ವರ್ಷ ಮೂಗಿಗೆ ಊಟ ಆಯ್ತು ಕಣೇ," ಎಂದಿದ್ದಳು ಆಕೆ. "ಬಾಯಿಗೆ ಯಾವಾಗ?"

"ಈ ಸಲ," ಎಂದಳು ಸೌಟಕ್ಕ. ಹೇಳಿದ ಮೇಲೆ ಯೋಚನೆ ಮಾಡಿದಳು.

ದಾರಿಯನ್ನು ಯಜಮಾನರೇ ತೆರೆದಿಟ್ಟಿದ್ದರು. ಮೇಲಿನ ಕೋಳಿಯನ್ನು ಬೇಯಿಸಲು ಪ್ರತಿವರ್ಷ ಹೋಟೆಲಿನ ಬಾಣಸಿಗ ಬರುತ್ತಿದ್ದ. ಈ ವರ್ಷ ಉಳಿತಾಯದ ಹುಕಿ ಹತ್ತಿ, ಎರಡನ್ನೂ ಸೌಟಕ್ಕನೇ ತಂದು ಬೇಯಿಸಲಿ ಎಂದರು. ಕುರಿ ಕಾಯಲು ತೋಳ ನೇಮಕವಾಯಿತು.

ಉಪಾಯ ಸರಳ, ಆದ್ದರಿಂದಲೇ ಭದ್ರ. ಒಳ್ಳೆಯ ಸಾಕಣೆಯ ಕೋಳಿಗೆ ಮರಿಯಾಗಿರುವಾಗಲೇ ಕಾಲಿಗೊಂದು ತಾಮ್ರದ ಉಂಗುರ ತೊಡಿಸುತ್ತಾರೆ. ಪುಕ್ಕ ಕಿತ್ತು ಮಲಗಿಸಿದರೆ ಉಳಿಯುವ ಗುರುತು ಅದೊಂದೇ. ಯಜಮಾನರ ಕೋಳಿಜ್ಞಾನವೆಲ್ಲ ಆ ಉಂಗುರದಲ್ಲಿತ್ತು. ಮೇಜಿನ ಮೇಲೆ ಅದನ್ನು ಬೆರಳಲ್ಲಿ ತಿರುಗಿಸಿ ಅತಿಥಿಗಳಿಗೆ ತೋರಿಸದೆ ಅವರು ಚಾಕು ಮುಟ್ಟುತ್ತಿರಲಿಲ್ಲ. ಉಂಗುರ ನೋಡಿ ಕೋಳಿಯನ್ನು ಹೊಗಳುವವನು ಕತ್ತೆಯ ಕಾಲಿಗೆ ಉಂಗುರ ಹಾಕಿದರೂ ಹೊಗಳುತ್ತಾನೆ ಎಂದುಕೊಂಡಳು ಸೌಟಕ್ಕ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಕಳ್ಳಿ ಎಂಬ ಹೆಸರು ಬರುತ್ತದೆ. ಸಿಕ್ಕಿಬೀಳುವ ಮಾತೇ ಇರಲಿಲ್ಲ. ಚಿಕ್ಕಮ್ಮನ ಹೊರತು ಯಾರಿಗೂ ಹೇಳಲಿಲ್ಲ. ಇಬ್ಬರಿಗೆ ಗೊತ್ತಾದರೆ ಗುಟ್ಟು, ಮೂವರಿಗೆ ಗೊತ್ತಾದರೆ ಸಂತೆ.

ಮಾಂಸದಂಗಡಿಯವನು ಎರಡೂ ಕೋಳಿಗಳನ್ನು ಕಾಗದದಲ್ಲಿ ಸುತ್ತಿಟ್ಟಿದ್ದ. ಅವನ ತಂಗಿಯೂ ಲಾಂಡ್ರಿಯಲ್ಲೇ ಬೆಡ್‌ಶೀಟು ಮಡಿಸುವವಳು. ಅದಕ್ಕೋ ಏನೋ ಅವನಿಗೆ ಮಾತು ಜಾಸ್ತಿ.

"ಕೆಳಗಿನವರ ಕೋಳೀನ ಹುಷಾರಾಗಿ ಬೇಯಿಸಕ್ಕಾ. ಬೆಣ್ಣೆಗೆ ಜಿಪುಣತನ ಮಾಡಬೇಡ."

"ನೀನು ಕಡಿಯೋದು ನೋಡ್ಕೊ ತಮ್ಮಾ, ಬೇಯಿಸೋದು ನನಗೆ ಬಿಡು," ಎಂದು ಹೊರಟಳು. ಕಳ್ಳತನಕ್ಕೆ ಹೊರಟವರು ಅಂಗಡಿ ಕಟ್ಟೆಯಲ್ಲಿ ಹರಟುವುದಿಲ್ಲ.

ಅಡುಗೆಮನೆಯ ಬಾಗಿಲು ಹಾಕಿ ಕೆಲಸಕ್ಕೆ ಕೂತಳು. ಉಂಗುರ ತುಂಡರಿಸಲೆಂದು ಗಂಡನ ಇಕ್ಕಳವನ್ನು ಏಪ್ರನ್ನಿನ ಜೇಬಿನಲ್ಲಿ ತಂದಿದ್ದಳು. ಬೇಕಾಗಲಿಲ್ಲ. ಉಂಗುರದ ಒಂದು ಕಡೆ ಸಣ್ಣ ಬಿರುಕಿತ್ತು. ಚಮಚದ ಹಿಡಿ ತೂರಿಸಿ ಅಗಲಿಸಿದರೆ ಬಳೆಯಂತೆ ಕಳಚಿ ಬಂತು. ಅದೃಷ್ಟವೂ ಒಮ್ಮೊಮ್ಮೆ ಕೆಳಗಿನವರ ಪಕ್ಷ ಸೇರುತ್ತದೆ ಎಂದುಕೊಂಡು ಅದನ್ನು ಇನ್ನೊಂದರ ಕಾಲಿಗೆ ತೊಡಿಸಿ, ಬಿರುಕನ್ನು ಒತ್ತಿ ಮುಚ್ಚಿದಳು.

ಹೊಸದಾಗಿ ಉಂಗುರ ತೊಟ್ಟ ಕೋಳಿ ಓವನ್ನಿನಲ್ಲಿ ಮದುಮಗಳ ಹಾಗೆ ಕೆಂಪೇರಿತು. ಅದರ ಘಮಕ್ಕೆ ಕಾವಲುಗಾರ ಗೇಟು ಬಿಟ್ಟು ಬಂದ. ನನ್ನ ಬೆಣ್ಣೆಯ ಮಹಿಮೆ, ಎಂದು ಸೌಟಕ್ಕ ಬೀಗಿದಳು. ಕಳಪೆ ಮಾಲನ್ನು ಹೀಗೆ ಸಿಂಗರಿಸಲು ಯಾವ ಹೋಟೆಲಿನವನಿಗೆ ಬರುತ್ತದೆ? ಇನ್ನೊಂದು ಕೋಳಿ ತಟ್ಟೆಯ ತುಂಬ ನೀರು ಬಿಟ್ಟು ಅರ್ಧಕ್ಕೆ ಕುಗ್ಗಿತು. ಬಯಲಲ್ಲಿ ಓಡಿದ ಮೈ, ಬೆವರಬೇಕಾದ್ದೇ, ಎಂದು ಅದನ್ನೂ ಸಮಾಧಾನದಿಂದ ನೋಡಿದಳು.

ಮಧ್ಯಾಹ್ನ ಅವಳನ್ನು ಮೇಲಕ್ಕೆ ಕರೆಸಿದರು. ಯಜಮಾನರ ಗಲ್ಲ ಜಿಡ್ಡಿನಿಂದ ಹೊಳೆಯುತ್ತಿತ್ತು. "ಇಂಥದ್ದನ್ನ ಹುಟ್ಟಿದ ಮೇಲೆ ತಿಂದಿಲ್ಲ," ಎಂದು ಉಂಗುರ ತಿರುಗಿಸಿ ತೋರಿಸಿದರು. "ಒಳ್ಳೆ ಮಾಲು ಅಂದ್ರೆ ಇದು." ಸೌಟಕ್ಕ ನಗು ತಡೆಯಲು ನಾಲಿಗೆ ಕಚ್ಚಿಕೊಂಡು ಕೆಳಗಿಳಿದಳು.

ಕೆಳಗೆ ಚಿಕ್ಕಮ್ಮ ಕಣ್ಣು ಮುಚ್ಚಿ ಅಗಿಯುತ್ತಿದ್ದಳು. ಎಡದವಡೆ ಸೋತು ಬಲದವಡೆಗೆ ದಾಟಿಸಿದಳು. ಕೊನೆಗೆ ನೀರು ಕುಡಿದು ನುಂಗಿ, ಸೌಟಕ್ಕನ ಕೈ ಹಿಡಿದು ಪಿಸುಗುಟ್ಟಿದಳು:

"ಪಾಪ ಕಣೇ, ಮೇಲಿನವರು. ವರ್ಷಾ ವರ್ಷ ಇದನ್ನೇ ತಿಂತಾರಲ್ಲ."

ಸೌಟಕ್ಕ ಅವಳ ಲೋಟಕ್ಕೆ ಮತ್ತೆ ನೀರು ತುಂಬುತ್ತಿರುವಾಗಲೇ, ತಂಗಿಯನ್ನು ಕರೆದೊಯ್ಯಲು ಬಂದ ಮಾಂಸದಂಗಡಿಯವನು ಹಿಂಬಾಗಿಲಲ್ಲಿ ಕಾಣಿಸಿಕೊಂಡ. ಎಲ್ಲರ ತಟ್ಟೆಯನ್ನೂ ಮನೆಯ ಮದುವೆಯೆಂಬಂತೆ ನೋಡುತ್ತ ಬಂದು, ಅವಳ ಕಿವಿಯ ಹತ್ತಿರ ಬಗ್ಗಿದ. "ಇನ್ನು ಹೇಳಬಹುದಕ್ಕಾ. ಅಂಗಡೀಲೇ ಅದಲು ಬದಲು ಮಾಡಿದ್ದೆ. ಮೇಲಿನವರದ್ದು ನಿಮಗೆ, ನಿಮ್ಮದು ಮೇಲಿನವರಿಗೆ. ನಿನಗೆ ಮೊದಲೇ ಹೇಳೋಣ ಅಂದ್ರೆ, ನೀನೆಲ್ಲಿ ಯಜಮಾನರಿಗೆ ಊದಿಬಿಡ್ತೀಯೋ ಅಂತ ಭಯ. ಮರಿಗೇ ತೊಡಿಸೋ ಉಂಗುರ, ಬಿಚ್ಚೋಕೆ ಅದಕ್ಕೆ ಬಾಯೇ ಇರಲ್ಲ. ಕತ್ತರಿಸಿ ತೆಗೆದು ಅಗ್ಗದ್ದರ ಕಾಲಿಗೆ ಹಾಕೋಕೆ ಇಕ್ಕಳಾನೇ ಬೇಕಾಯ್ತು. ಆ ಬಿರುಕು ನಿನ್ನ ಕಣ್ಣಿಗೆ ಬೀಳಲಿಲ್ಲ ತಾನೆ?" ಸೌಟಕ್ಕ ಏಪ್ರನ್ನಿನ ಜೇಬಿಗೆ ಕೈ ಹಾಕಿದಳು. ಗಂಡನ ಇಕ್ಕಳ ಅಲ್ಲೇ ಇತ್ತು, ತಣ್ಣಗೆ, ಯಾವ ಕೆಲಸಕ್ಕೂ ಬಾರದೆ.