ಐದು ನಿಮಿಷಕ್ಕೆ ಕಹಿಯಾಗುವ ಚಹಾ

"ಇದನ್ನ ವಾಪಸ್ ತಗೊಳ್ಳಿ. ಇದು ನಾನು ಕುಡಿಯೋ ಟೀ ಅಲ್ಲ."

ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದವಳು ಎದುರು ಸಾಲಿನ ಗಡಿಯಾರ ರಿಪೇರಿಯವಳು. ಕೋಪ ಮೂಗಿನ ತುದಿಯಲ್ಲೇ ಇತ್ತು.

ಚಹಾ ಅಂಗಡಿಯವನು ತಕ್ಕಡಿಯಿಂದ ತಲೆಯೆತ್ತಿದ. ಒಂದೂವರೆ ವರ್ಷದಿಂದ ಅವಳು ಇವನ ಹತ್ತಿರವೇ ಒಂದೇ ಬಗೆಯ ಕಪ್ಪು ಚಹಾ ಎಲೆ ಕೊಳ್ಳುತ್ತಿದ್ದಳು. ಮೂರು ವಾರದಿಂದ ಅದು ಬಾಯಿಗಿಡಲಾಗದಷ್ಟು ಕಹಿ.

"ಕೆಟ್ಟ ಎಲೆ ಅಲ್ಲ ರೀ ಅದು," ಎಂದ, ಕಣ್ಣು ತಪ್ಪಿಸಿ.

"ಹಾಗಾದ್ರೆ ಕೆಟ್ಟಿರೋದು ನನ್ನ ನಾಲಿಗೆನಾ? ಕುದಿಯೋ ನೀರು, ಒಂದು ಚಮಚ ಎಲೆ, ಮುಚ್ಚಳ ಹಾಕಿ ಐದು ನಿಮಿಷ. ನೀವೇ ಹೇಳಿಕೊಟ್ಟಿದ್ದು. ಒಂದು ಸೆಕೆಂಡ್ ಆಚೆ ಈಚೆ ಮಾಡಿಲ್ಲ."

ಅವನು ಮತ್ತೆ ತಕ್ಕಡಿಯತ್ತ ಬಾಗಿ ಎಲೆ ತೂಗತೊಡಗಿದ. ಅದನ್ನು ಕಂಡು ಅವಳ ಮೈಯೆಲ್ಲ ಉರಿಯಿತು. ಡಬ್ಬಿ ಎತ್ತಿಕೊಂಡು ದಡದಡನೆ ಹೊರಟಳು.

ಮನೆಯಲ್ಲಿ ಅಕ್ಕ ನಕ್ಕಳು. "ಬೇರೆ ಅಂಗಡಿಗೆ ಹೋಗೇ. ಟೀಗಾಗಿ ಯಾರಾದ್ರೂ ಅಳ್ತಾರಾ?"

ಟೀಗಾಗಿ ಅಲ್ಲ ಅಕ್ಕ... ನಾನು ಬರೋದು ಅವನಿಗೆ ಬೇಡವಾಗಿದೆ. ಬಾಯಿಬಿಟ್ಟು ಹೇಳೋಕಾಗದೆ ಹೀಗೆ ಮಾಡ್ತಿದಾನೆ, ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಕಣ್ಣೊರೆಸಿಕೊಂಡು ನೀರು ಕಾಯಿಸಿದಳು. ತಪ್ಪು ಎಲ್ಲಿದೆ ಎಂದು ಹುಡುಕದೆ ಬಿಡುವುದು ಅವಳ ಕಸುಬಿನಲ್ಲೇ ಇಲ್ಲ. ಈ ಸಲ ನಿಮಿಷಕ್ಕೊಮ್ಮೆ ಒಂದೊಂದು ಚಮಚ ತೆಗೆದು ರುಚಿ ನೋಡಿದಳು. ಒಂದಕ್ಕೆ ಸಪ್ಪೆ. ಎರಡಕ್ಕೆ ಪರವಾಗಿಲ್ಲ.

ಮೂರಕ್ಕೆ ಅವಳ ಕೈ ನಿಂತಿತು. ಇಷ್ಟು ಒಳ್ಳೆಯ ಚಹಾವನ್ನು ಅವಳು ಜೀವನದಲ್ಲೇ ಕುಡಿದಿರಲಿಲ್ಲ.

ಮರುದಿನ ಅವನು ಬಾಗಿಲು ತೆಗೆಯುವ ಮೊದಲೇ ಅಲ್ಲಿ ನಿಂತಿದ್ದಳು. ಕೋಪ ಇಳಿದಿರಲಿಲ್ಲ, ಇನ್ನೂ ಏರಿತ್ತು.

"ಇದು ನಾನು ದುಡ್ಡು ಕೊಟ್ಟ ಎಲೆ ಅಲ್ಲ. ಅದಕ್ಕಿಂತ ಎಷ್ಟೋ ಮೇಲಿನದು. ಮೂರೇ ನಿಮಿಷ ಸಾಕು ಇದಕ್ಕೆ. ಯಾಕೆ ಹಾಕಿದ್ರಿ?"

ಅವನು ಬೀಗದ ಕೈಯನ್ನೇ ತಿರುಗಿಸುತ್ತ ನಿಂತ. "ಮೊದಲ ಕೊಯ್ಲಿನ ಚಿಗುರು. ನನಗೇ ಅಂತ ತರಿಸ್ಕೊಂಡಿದ್ದೆ. ಒಂದು ಕಪ್ ಕುಡಿದೆ... ನೀವು ನೆನಪಾದ್ರಿ. ಪೂರ್ತಿ ನಿಮ್ಮ ಡಬ್ಬಿಗೇ ಹಾಕ್ತಾ ಬಂದೆ."

"ಮೂರು ನಿಮಿಷ ಅಂತ ಒಂದು ಮಾತು ಹೇಳೋಕೇನಾಗಿತ್ತು?"

"ಹೇಳಿದ್ರೆ ಎಲೆ ಬೇರೆ ಅಂತ ಗೊತ್ತಾಗ್ತಿತ್ತು. ಯಾಕೆ ಅಂತ ಕೇಳ್ತಿದ್ರಿ. ಆಮೇಲೆ ನಾನು ಉತ್ತರ ಕೊಡಬೇಕಲ್ಲ."

"ಅದಕ್ಕೆ ಮೂರು ವಾರ ಕಹಿ ಕುಡಿಸಿದ್ರಾ? ನಿಮಗೆ ನಾನು ಬೇಡವಾದೆ ಅಂತ ನಿನ್ನೆ ಅಕ್ಕನ ಮುಂದೆ ಅತ್ತಿದೀನಿ ನಾನು."

ಮಾತು ಬಾಯಿಂದ ಜಾರಿಹೋಗಿತ್ತು. ಅವಳ ಕೆನ್ನೆ ಬಿಸಿಯಾಯಿತು. ಅವನು ಬೀಗ ಬಿಟ್ಟು ಮೊದಲ ಸಲ ಅವಳನ್ನು ನೇರವಾಗಿ ನೋಡಿದ.

"ಉತ್ತರ ಈಗಲಾದ್ರೂ ಕೊಡ್ತೀರಾ?" ಎಂದಳು.

"ನನಗೆ ನೀವಂದ್ರೆ ಇಷ್ಟ. ತುಂಬಾ ಇಷ್ಟ."

"ಇಷ್ಟು ಹೇಳೋಕೆ ಮೂರು ವಾರ ಬೇಕಾಯ್ತಾ?"

"ಮೂರು ವಾರ ಅಲ್ಲ," ಎಂದ ಮೆಲ್ಲಗೆ. "ಒಂದೂವರೆ ವರ್ಷ."